ಎದುರಿನವರೂ ದೂರದವರೂ

ಪಂಕ್ತಿಯಲ್ಲಿ ಕುಳಿತವರಿಗೆ ಭೇದವಿಲ್ಲದೆ ಬಡಿಸತಕ್ಕದ್ದೆಂಬ ಮಾತನ್ನು ನಾವೆಲ್ಲರೂ ಮನೆಯ ಹಿರಿಯರಿಂದ ಕೇಳಿದ್ದೇವೆ. ಆ ಮಾತನ್ನಾಡುತ್ತಲೇ ಪಂಕ್ತಿಗಳನ್ನು ಬೇರೆಬೇರೆ ಮಾಡಿದವರನ್ನೂ ಕಂಡಿದ್ದೇವೆ. ಅದೇನೇ ಇರಲಿ, ಬಡಿಸುವವನ ಕಣ್ಣು ಕೊನೆಯ ಎಲೆಯವರೆಗೂ ಹರಿಯಬೇಕೆಂಬ ನಿಯಮದ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪಂಕ್ತಿಯ ಒಂದು ಭಾಗ ಈ ಮನೆಯಲ್ಲಿಯೂ ಉಳಿದ ಭಾಗ ಹಲವು ಹರಿದಾರಿಗಳಾಚೆಯ ಮನೆಗಳಲ್ಲಿಯೂ ಇದ್ದು, ಬಡಿಸುವ ಕೈ ಮಾತ್ರ ಒಂದೇ ಆಗಿದ್ದರೆ, ಬಡಿಸುವವನ ಧರ್ಮವೇನು? ಒಗಟಿನಂತೆ ತೋರುವ ಈ ಪ್ರಶ್ನೆ ಇಂದು ಉಪಾಧ್ಯಾಯನಾದವನಿಗೆ ನಿಜವಾಗಿಯೇ ಎದುರಾಗಿದೆ. ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಗಳಿಗೂ, ಅದೇ ಗಳಿಗೆಯಲ್ಲಿ ಮನೆಯಿಂದ ಮೊಬೈಲಿನ ಮೂಲಕ ಕೇಳುವವರಿಗೂ ಒಟ್ಟಿಗೆ ಪಾಠ ಹೇಳುವ ಪದ್ಧತಿಯನ್ನು ಕುರಿತು ವಾಚಕರೊಡನೆ ಕೊಂಚ ವಿಚಾರ ಮಾಡಬೇಕೆಂದು ನನ್ನ ಅಪೇಕ್ಷೆ.

೨೦೨೦ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ನಮ್ಮ ವಿದ್ಯಾಶಾಲೆಗಳು ಮುಚ್ಚಿದುವು. ೨೦೨೧ರ ಆಗಸ್ಟ್ ೨೩ರಿಂದ ಪ್ರೌಢಶಾಲೆಯ ಮೇಲಿನ ತರಗತಿಗಳೂ ಪದವಿಪೂರ್ವ ತರಗತಿಗಳೂ ಹಂತಹಂತವಾಗಿ ಪುನಃ ತೆರೆದಾಗ ಬರಲೇಬೇಕೆಂಬ ಕಡ್ಡಾಯವಿರಲಿಲ್ಲ. ಬರಲಾಗದವರು ಮನೆಯಿಂದಲೇ ಕೇಳಬಹುದಾಗಿದ್ದಿತು. ಆಗ ನಾನು ನಮ್ಮ ಸೀಮೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ನನ್ನ ಅಂಗಿಗೆ ಸಿಕ್ಕಿಸಿಕೊಂಡ ಒಂದು ಪುಟ್ಟ ಮೈಕು, ಇಷ್ಟೇ ಸಲಕರಣೆ. ನನ್ನ ಮುಖವೂ ನನ್ನ ಮಾತೂ ಹೋಗುತ್ತಿವೆಯೆಂದು ಖಚಿತಪಡಿಸಿಕೊಂಡು, ನನ್ನ ಕರ್ತವ್ಯ ಪೂರೈಸಿತೆಂದು ತಿಳಿದಿದ್ದೆ.

ಕನಕಪುರದ ಕಡೆಯ ಹಳ್ಳಿಯೊಂದರ ಹುಡುಗಿಯೊಬ್ಬಳು ಹೀಗೆ ದೂರದಿಂದ ಕೇಳುವವರಲ್ಲಿದ್ದಳು. ಅವರದು ರೇಷ್ಮೆ ಬೆಳೆಯುವ ಮನೆ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಯ ಒಂದು ಕೈಯೂ ಬಿಡುವಾಗಿರುವುದಿಲ್ಲವೆಂಬುದನ್ನು ಆ ಕಸುಬು ಬಲ್ಲವರಿಗೆ ಹೇಳಬೇಕಾಗಿಲ್ಲ. ತಿಂಗಳ ಮೇಲೆ ಆಕೆ ಕಾಲೇಜಿಗೆ ಬಂದಳು. “ಏನಮ್ಮಾ, ಕಿರಣಚಿತ್ರದ ಪಾಠವೆಲ್ಲ ಕೇಳಿದೆ ತಾನೆ?” ಎಂದೆ. “ಕೇಳಿದೆ ಸರ್. ಆದ್ರೆ ನೀವು ‘ಇಲ್ಲಿ ನೋಡಿ, ಇಲ್ಲಿಂದ ಇಲ್ಲಿಗೆ’ ಅಂತಿದ್ರಿ. ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ. ನಡುವೆ ಎಲ್ರೂ ನಗೋರು. ಯಾಕೆ ನಕ್ರು ಅಂತಾನೂ ಗೊತ್ತಾಗ್ತಿರಲಿಲ್ಲ. ಕೇಳೋಣ ಅಂದ್ರೆ ನನ್ನ ದನಿ ನಿಮಗೆ ಕೇಳಿಸ್ತಿರಲಿಲ್ಲ” ಎಂದಳು. ಹಾಜರಿ ಪುಸ್ತಕದಲ್ಲಿ ಆಕೆ ಒಂದು ದಿನವೂ ಗೈರುಹಾಜರಾಗಿರಲಿಲ್ಲ. ತನಗೆ ಆ ಭಾಗ ತಿಳಿಯದಿದ್ದುದಕ್ಕೆ ತನ್ನ ಬುದ್ಧಿ ಸಾಲದೆಂಬುದೇ ಕಾರಣವೆಂದು ನಂಬಿ, ಪರೀಕ್ಷೆಯಲ್ಲಿ ಅದನ್ನು ಬಿಟ್ಟುಬಿಡಲು ನಿಶ್ಚಯಿಸಿದ್ದಳು. ಅಪರಾಧ ನನ್ನದು, ತೀರ್ಪನ್ನು ಆಕೆ ತನ್ನ ಮೇಲೆ ತಾನೇ ಕೊಟ್ಟುಕೊಂಡಿದ್ದಳು.

ಇಲ್ಲಿ ಒಂದು ಪೂರ್ವಪಕ್ಷವುಂಟು. ದೂರದವರಿಗೆ ಕೇಳಿಸಿದರೆ ಸಾಲದೆ? ಅವರ ಮಾತು ನಮಗೇಕೆ ಕೇಳಿಸಬೇಕು? ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಪ್ರಾರಂಭಿಸಿದಾಗ, ಕೇಳುವವರು ಮರುಮಾತಾಡುವಂತಿರಲಿಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷದ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಿಗೆ ದೂರದರ್ಶನದ ಪಾಠಗಳು ಬಂದುವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ೨೦೨೦ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಮಾಲೆ ಆರಂಭವಾಯಿತು. ಇವುಗಳಿಂದ ಉಪಕಾರವಾಗಲಿಲ್ಲವೆ?

ಆಯಿತು, ಸಂದೇಹವಿಲ್ಲ. ಆದರೆ ಅವೆಲ್ಲವೂ ಪ್ರಸಾರಗಳು. ಪ್ರಸಾರವನ್ನು ಪ್ರಸಾರವೆಂದು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ತರಗತಿಯೆಂದು ಕರೆದು ಹಾಜರಿ ಬರೆದುಕೊಂಡೆವಾದರೆ, ಆ ಮಗುವಿಗೆ ನಾವೊಂದು ವಾಗ್ದಾನವನ್ನು ಮಾಡಿದಂತಾಯಿತು. ನೀನೂ ಇಲ್ಲಿದ್ದೀಯೆ, ನಿನ್ನ ಸಂಶಯವೂ ಇಲ್ಲಿ ಎಣಿಕೆಗೆ ಬರುತ್ತದೆ ಎಂಬುದೇ ಆ ವಾಗ್ದಾನ. ಅದನ್ನು ನಡಸದಿರುವುದು ಯಂತ್ರದ ಲೋಪವಲ್ಲ, ವಚನಭಂಗ.

ಪಾಠವೆಂದರೆ ತೋರಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕೆಲಸಗಾರರ ಮನೆಗೆ ಹೋಗಿ ನೋಡಿದರೆ ಈ ಭಾವನೆ ತಿದ್ದಿಕೊಳ್ಳುತ್ತದೆ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಹಿರಿಯನು ಒಮ್ಮೆ ಮಾಡಿ ತೋರಿಸಬಹುದು. ಆದರೆ ಕಲಿಯುವವನು ಕಲಿಯುವುದು, ಹಿರಿಯನು ಅವನ ಕೈಯನ್ನು ನೋಡುತ್ತ ‘ಹಾಗಲ್ಲ’ ಎಂದು ತಡೆದಾಗ. ಶಿಷ್ಯನು ಗುರುವನ್ನು ನೋಡುವುದಕ್ಕಿಂತ ಗುರುವು ಶಿಷ್ಯನನ್ನು ನೋಡುವುದೇ ವಿದ್ಯೆಯಲ್ಲಿ ಹೆಚ್ಚಿನದು. ತಪ್ಪು ಎಲ್ಲಿ ಗುರುವಿಗೆ ಗೋಚರವಾಗುವುದೋ ಅದೇ ತರಗತಿ.

ಈ ತತ್ತ್ವವನ್ನು ಒಪ್ಪಿದರೆ ಸಲಕರಣೆಗಳ ಕ್ರಮ ತಾನಾಗಿ ಬದಲಾಗುತ್ತದೆ. ಉಪಾಧ್ಯಾಯನ ಮುಖವನ್ನು ಚೆನ್ನಾಗಿ ತೋರಿಸುವ ಕ್ಯಾಮೆರಾಕ್ಕೆ ಮೊದಲ ಹಣ ಹೋಗಬೇಕಾಗಿಲ್ಲ. ದೂರದವನ ದನಿ ಕೊಠಡಿಯ ಹಿಂದಿನ ಬೆಂಚಿಗೂ ಕೇಳುವಂತೆ ಒಂದು ಧ್ವನಿವರ್ಧಕ ಮೊದಲು ಬೇಕು. ಅನಂತರ, ಕುಳಿತವರ ಪ್ರಶ್ನೆಗಳನ್ನೂ ಹಿಡಿಯುವ ಮೈಕು. ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುವುದರಿಂದ, ಅಂಗಿಯ ಮೈಕಿಗೆ ಹಿಂದಿನ ಬೆಂಚಿನ ಮಾತು ಮುಟ್ಟದು. ಆದುದರಿಂದ ಕೊಠಡಿಯ ನಡುವೆ ಮತ್ತೊಂದನ್ನಿಡಬೇಕು, ಇಲ್ಲವೆ ಕೇಳಿದ ಪ್ರಶ್ನೆಯನ್ನು ಉಪಾಧ್ಯಾಯನು ತಾನೇ ಮತ್ತೊಮ್ಮೆ ಹೇಳಬೇಕು. ಧ್ವನಿವರ್ಧಕದ ಮಾತು ಪುನಃ ಮೈಕಿಗೆ ಹೊಕ್ಕು ಮಾರ್ದನಿಯಾಗದಂತೆ ಎರಡೂ ಕೆಲಸವನ್ನು ಒಂದೇ ಉಪಕರಣ ಮಾಡುವುದು ಉತ್ತಮ. ಕ್ಯಾಮೆರಾ ಕರಿಹಲಗೆಯ ಕಡೆಗೆ ತಿರುಗಿರಲಿ. ಸಾವನದುರ್ಗದಂಥ ಬಂಡೆಬೆಟ್ಟಗಳ ಮರೆಯ ಊರುಗಳಲ್ಲಿ ಮೊಬೈಲಿನ ಸಂಕೇತ ಕುಂದುವುದು ಸಹಜ. ಮಾತಿಗೆ ಸೆಕೆಂಡಿಗೆ ಸುಮಾರು ೫೦ ಕಿಲೋಬಿಟ್ಟುಗಳು ಸಾಕು. ಚಲಿಸುವ ಚಿತ್ರಕ್ಕೆ ಅದರ ಹತ್ತರಷ್ಟಾದರೂ ಬೇಕು. ಆದುದರಿಂದ ಚಿತ್ರ ನಿಂತರೂ ಮಾತು ನಿಲ್ಲದಂತೆ ಏರ್ಪಡಿಸಿ, ಹಲಗೆಯ ಬರೆಹವನ್ನು ಛಾಯಾಚಿತ್ರವಾಗಿ ಮೊದಲೇ ಕಳುಹಿಸಬಹುದು. ಇವೆಲ್ಲಕ್ಕಿಂತ ಅಗ್ಗದ ಸಾಧನವೊಂದುಂಟು: ‘ಇಲ್ಲಿ’ ಎನ್ನುವ ಬದಲು ‘ಮಸೂರದ ಮೇಲಿನ ಅಂಚಿನಿಂದ ಬಲಗಡೆಯ ನಾಭಿಗೆ’ ಎಂದು ಹೇಳುವ ನಾಲಗೆ. ಅದರಿಂದ ಎದುರಿಗಿದ್ದವರಿಗೂ ಪಾಠ ಸ್ಪಷ್ಟವಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಬೆಳಗಿನ ಮೊದಲ ಬಸ್ಸು ಹಿಡಿದು, ಅದು ತಪ್ಪಿದರೆ ನಡೆದು ಬಂದ ಹುಡುಗನಿಗೆ ಇದರಿಂದ ಅನ್ಯಾಯವಾಗುವುದಿಲ್ಲವೆ? ಉಪಾಧ್ಯಾಯನ ಗಮನ ಒಂದೇ. ಅದನ್ನು ಹಂಚಿದಷ್ಟೂ ಎದುರಿನವನ ಪಾಲು ಕಡಿಮೆಯಾಗುತ್ತದೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ತರಗತಿಯವರಲ್ಲಿ ಒಬ್ಬನು ಸರದಿಯಂತೆ ದೂರದವರ ಪ್ರಶ್ನೆಗಳನ್ನು ಗಮನಿಸಿ ಕೂಗಿ ಹೇಳುವಂತೆ ಮಾಡಿದರೆ ಹೊರೆ ಕೊಂಚ ಇಳಿಯುವುದು. ಅಲ್ಲದೆ ಬಾರದ ಗೆಳೆಯನ ಪರವಾಗಿ ಮಾತಾಡುವುದೂ ಒಂದು ಶಿಕ್ಷಣವೇ. ಆದರೂ ಇದಕ್ಕೊಂದು ಮಿತಿಯುಂಟು. ಸಹಾಯಕರಿಲ್ಲದ ಉಪಾಧ್ಯಾಯನೊಬ್ಬನ ಮೇಲೆ ಎರಡು ತರಗತಿಗಳನ್ನು ಒಂದೇ ಸಂಬಳಕ್ಕೆ, ಒಂದೇ ಗಳಿಗೆಗೆ ಹೊರಿಸಿ ಅದನ್ನು ಪ್ರಗತಿಯೆಂದು ಕರೆಯುವ ಆಡಳಿತ, ಮೂವರಿಗೂ ಅನ್ಯಾಯ ಮಾಡುತ್ತದೆ. ಅಂಥ ಕಡೆ ದೂರದವರಿಗೆ ಸಂಜೆ ಪ್ರತ್ಯೇಕವಾಗಿ ಅರ್ಧ ಗಂಟೆ ಕೊಡುವುದು ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗ.

ವ್ಯಾಧಿ ಕಳೆಯಿತು, ಇನ್ನೇಕೆ ಈ ಜಿಜ್ಞಾಸೆ ಎಂದು ಕೆಲವರು ಕೇಳಿಯಾರು. ವ್ಯಾಧಿ ಕಳೆದರೂ ಬರಲಾಗದವರು ಇದ್ದೇ ಇದ್ದಾರೆ. ಶಿಕ್ಷಣದ ಹಕ್ಕಿನ ಶಾಸನಕ್ಕೆ ೨೦೧೨ರಲ್ಲಾದ ತಿದ್ದುಪಡಿ, ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಕಲಿಯುವ ಆಯ್ಕೆಯನ್ನು ಕೊಟ್ಟಿದೆ. ಆ ಮಗು ಮನೆಯಲ್ಲಿ ಕಲಿಯಬಹುದೆಂಬುದು ನ್ಯಾಯ. ಓರಗೆಯವರ ನಗುವಿಗೆ ಕಾರಣವೇನೆಂದು ಅದಕ್ಕೆ ಎಂದೆಂದಿಗೂ ತಿಳಿಯದಿರಲಿ ಎಂಬುದು ನ್ಯಾಯವಲ್ಲ.

ನಿಜವಾದ ಆಸಕ್ತಿಯಿದ್ದರೆ ಏಕಲವ್ಯನಂತೆ ದೂರದಿಂದಲೇ ಕಲಿಯಬಹುದೆಂದು ಹೇಳುವವರುಂಟು. ಆ ಕಥೆಯನ್ನು ಅವರು ಪೂರ್ತಿಯಾಗಿ ನೆನೆಯುವುದು ಒಳ್ಳೆಯದು. ಹತ್ತಿರ ಸೇರಿಸದೆ, ಒಂದು ದಿನವೂ ಅವನ ಬಾಣವನ್ನು ನೋಡಿ ತಿದ್ದದೆ ಇದ್ದ ಗುರು, ದಕ್ಷಿಣೆಯನ್ನು ಮಾತ್ರ ಪೂರ್ತಿಯಾಗಿ ವಸೂಲುಮಾಡಿದನು. ಶಿಷ್ಯನ ಸಾಮರ್ಥ್ಯಕ್ಕೆ ಆ ಕಥೆ ಸಾಕ್ಷಿ; ಗುರುವಿನ ಧರ್ಮಕ್ಕೆ ಮಾದರಿಯಲ್ಲ.

ಆ ಹುಡುಗಿಗೆ ನಾನು ಕಿರಣಚಿತ್ರವನ್ನು ಮತ್ತೊಮ್ಮೆ ಹೇಳಿದೆ. ಇಪ್ಪತ್ತು ನಿಮಿಷ ಸಾಕಾಯಿತು. ಆಕೆಯ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಂದಿನಿಂದ ಪಾಠಕ್ಕೆ ತೊಡಗುವ ಮುನ್ನ ಯಂತ್ರದ ಮುಂದೆ ನಿಂತು ‘ನನ್ನ ಮಾತು ಕೇಳಿಸುತ್ತಿದೆಯೆ?’ ಎಂದು ಕೇಳುವುದನ್ನು ಬಿಟ್ಟೆ. ‘ನೀವು ಮಾತನಾಡಿ, ನಮಗೆ ಕೇಳಿಸುತ್ತಿದೆಯೋ ನೋಡೋಣ’ ಎನ್ನುತ್ತೇನೆ. ಕೊನೆಯ ಎಲೆಗೆ ಬಡಿಸಿತೇ ಎಂಬುದನ್ನು ಬಡಿಸಿದವನು ಹೇಳಿದರೆ ಸಾಲದು. ಎಲೆಯ ಮುಂದೆ ಕುಳಿತವರು ಹೇಳಬೇಕು.