ಔಷಧವೂ ವ್ಯಸನವೂ

ಪರಶುರಾಮರು ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ನಿದ್ರಿಸುತ್ತಿರುವಾಗ ಕೀಟವೊಂದು ಬಂದು ಕರ್ಣನ ತೊಡೆಯನ್ನು ಕೊರೆಯಿತೆಂಬ ಕಥೆಯನ್ನು ಕೇಳದವರಿಲ್ಲ. ಗುರುವಿನ ನಿದ್ರೆಗೆ ಭಂಗ ಬಂದೀತೆಂದು ಅವನು ಕಾಲನ್ನು ಅಲುಗಿಸಲಿಲ್ಲ. ಆ ಸಹನೆಯನ್ನು ಲೋಕವು ಇಂದಿಗೂ ಕೊಂಡಾಡುತ್ತಿದೆ. ಆದರೆ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕರ್ಣನು ಸಹಿಸಿದುದು ಒಂದು ಹೊತ್ತಿನ ಮಟ್ಟಿಗೆ. ಸಹಿಸಿದುದು ತಾನಾಗಿ ಬಯಸಿ. ಅದೇ ಕೀಟವು ಪ್ರತಿರಾತ್ರಿಯೂ, ಇಪ್ಪತ್ತು ಮೂವತ್ತು ವರ್ಷಗಳ ಕಾಲ, ಯಾವ ಗುರುವಿನ ಪ್ರೀತ್ಯರ್ಥವಾಗಿಯೂ ಅಲ್ಲದೆ ಕೊರೆಯುತ್ತಿದ್ದರೆ ಅವನಿಗೆ ಯಾವ ಉಪದೇಶವನ್ನು ಕೊಡಬಹುದಾಗಿತ್ತು?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಇಂಗ್ಲಿಷಿನಲ್ಲಿ ‘ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್’ ಎಂದು ಕರೆಯುವ ವ್ಯಾಧಿಯೊಂದುಂಟು. ಕನ್ನಡದಲ್ಲಿ ಕಾಲು ಚಡಪಡಿಕೆಯ ರೋಗವೆನ್ನಬಹುದು. ಹಗಲು ಕೆಲಸದಲ್ಲಿ ತೊಡಗಿರುವಾಗ ಸಾಮಾನ್ಯವಾಗಿ ಅದರ ಸುಳಿವಿರುವುದಿಲ್ಲ. ಸಂಜೆ ಕುಳಿತೊಡನೆ, ರಾತ್ರಿ ಮಲಗಿದೊಡನೆ, ಕಾಲಿನ ಒಳಗೆಲ್ಲೋ ಹುಳು ಹರಿದಂತೆ, ನೀರು ಕುದಿದಂತೆ, ಹೇಳಲು ಮಾತು ಸಾಲದ ಸಂಕಟವೊಂದು ಏಳುವುದು. ಅನೇಕರು ಅದನ್ನು ನೋವೆನ್ನಲಾರರು. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾರದ ಒತ್ತಾಯವೆನ್ನುವರು. ಎದ್ದು ನಡೆದರೆ ಶಮನ. ಮರಳಿ ಮಲಗಿದರೆ ಮರಳಿ ಅದೇ ಬಾಧೆ. ರೋಗವು ತೀವ್ರವಾದಾಗ ಮನುಷ್ಯನು ಊರೆಲ್ಲ ಮಲಗಿರುವಾಗ ಮನೆಯ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಬೆಳಗು ಮಾಡುವನು. ಯೂರೋಪು ಅಮೆರಿಕಗಳ ಪ್ರಾಯಸ್ಥರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಚಿಕಿತ್ಸೆ ಬೇಕಾಗುವಷ್ಟರ ಮಟ್ಟಿಗೆ ಈ ಬಾಧೆಯಿರುವುದೆಂದು ಅಲ್ಲಿಯ ವೈದ್ಯರ ಎಣಿಕೆ.

ರೋಗವು ಹೊಸದಲ್ಲ. ಥಾಮಸ್ ವಿಲಿಸ್ ಎಂಬ ಇಂಗ್ಲೆಂಡಿನ ವೈದ್ಯನು 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿ, ರೋಗಿಯ ಹಾಸಿಗೆಯನ್ನು ಚಿತ್ರಹಿಂಸೆಯ ಸ್ಥಳಕ್ಕೆ ಹೋಲಿಸಿದನು. ಅಫೀಮಿನ ಕಲ್ಪಗಳಿಂದ ಇದು ಶಮನವಾಗುವುದನ್ನು ಅವನೇ ಕಂಡಿದ್ದನು. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಎಂಬ ವೈದ್ಯನು 1945ರಲ್ಲಿ ಬರೆದ ಪ್ರಬಂಧದಿಂದ ಇದಕ್ಕೆ ಈಗಿನ ಹೆಸರು ನಿಂತಿತು. ಮಿದುಳಿನಲ್ಲಿ ಕಬ್ಬಿಣದ ಅಂಶವು ಸಾಲದಿರುವುದು ಇದರ ಕಾರಣಗಳಲ್ಲೊಂದೆಂದು ಈಗ ತಿಳಿದಿದೆ. ಆದುದರಿಂದ ಮೊದಲು ರಕ್ತವನ್ನು ಪರೀಕ್ಷಿಸಿ ಕಬ್ಬಿಣವನ್ನು ಕೊಡುವರು. ಬಳಿಕ ಗಾಬಾಪೆಂಟಿನ್, ಪ್ರಿಗಾಬಲಿನ್ ಮೊದಲಾದ ಮದ್ದುಗಳನ್ನು ಕೊಡುವರು. ಬಹುಮಂದಿಗೆ ಇವುಗಳಿಂದಲೇ ಗುಣ ಕಾಣುವುದು. ಕೆಲವರಿಗೆ ಕಾಣದು. ಅಂಥವರಿಗೆ ಅಫೀಮಿನ ಜಾತಿಗೆ ಸೇರಿದ ಆಕ್ಸಿಕೋಡೋನ್, ಮೆಥಡೋನ್, ಬ್ಯುಪ್ರೆನಾರ್ಫಿನ್ ಮುಂತಾದ ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ, ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಕೊಡಬೇಕಾಗಿ ಬರುವುದು. ವಿಲಿಸನು ಕಂಡ ಉಪಾಯಕ್ಕೇ ಮುನ್ನೂರೈವತ್ತು ವರ್ಷಗಳ ಅನಂತರದ ವೈದ್ಯರು ಕಡೆಗೆ ಬಂದು ನಿಲ್ಲಬೇಕಾಯಿತು.

ಧರ್ಮಸಂಕಟವು ಹುಟ್ಟುವುದು ಇಲ್ಲಿಯೇ. ಅಮೆರಿಕದಲ್ಲಿ ಅರುವತ್ತೈದು ವರ್ಷದ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನು ಎಂದೂ ಮದ್ಯವನ್ನು ಮುಟ್ಟಿದವನಲ್ಲ. ದೇವರಲ್ಲಿಯೂ ನೆರೆಹೊರೆಯವರಲ್ಲಿಯೂ ಭಯಭಕ್ತಿಯುಳ್ಳವನು. ಹತ್ತು ವರ್ಷ ನಿದ್ರೆಯಿಲ್ಲದೆ ಬಳಲಿದ ಮೇಲೆ ವೈದ್ಯನು ಅವನಿಗೆ ರಾತ್ರಿ ಒಂದು ಮೆಥಡೋನ್ ಮಾತ್ರೆಯನ್ನು ಗೊತ್ತುಮಾಡುವನು. ಅವನು ಮಲಗುವನು, ಬೆಳಗ್ಗೆ ಎದ್ದು ಹೆಂಡತಿಯೊಡನೆ ನಕ್ಕು ಮಾತನಾಡುವನು. ಆದರೆ ಆ ಮಾತ್ರೆಯ ಹೆಸರನ್ನು ಯಾರೊಡನೆಯೂ ಹೇಳಲಾರನು. ಅದು ಅಫೀಮು ತಿನ್ನುವವರ ಚಟವನ್ನು ಬಿಡಿಸುವುದಕ್ಕಾಗಿ ಕೊಡುವ ಔಷಧವೆಂದು ಜನರು ಬಲ್ಲರು. ಆ ಚಿಕಿತ್ಸೆಯಲ್ಲಿ ದಿನಕ್ಕೆ 60ರಿಂದ 120 ಮಿಲಿಗ್ರಾಂ ಬೇಕಾಗುವುದೂ, ಕಾಲಿನ ರೋಗಕ್ಕೆ 5ರಿಂದ 10 ಸಾಕಾಗುವುದೂ ಜನರಿಗೆ ತಿಳಿಯದು. ಹೆಸರೊಂದೇ ಸಾಕು. ನಿದ್ರೆ ಬಂದ ಮೇಲೂ ಅವನ ಮನಸ್ಸನ್ನು ಒಂದು ಪ್ರಶ್ನೆ ಕೊರೆಯುತ್ತಿರುವುದು: ತಾನು ರೋಗಿಯೋ, ವ್ಯಸನಿಯೋ?

ಮೊದಲನೆಯ ಆಕ್ಷೇಪವು ತಿತಿಕ್ಷೆಯ ಹೆಸರಿನಲ್ಲಿ ಬರುವುದು. ಈ ರೋಗವು ಯಾರನ್ನೂ ಕೊಲ್ಲುವುದಿಲ್ಲ. ಸಹಿಸಿಕೊಂಡರೆ ಆಯಿತಲ್ಲ, ಇಂಥ ಮದ್ದಿನ ಗೊಡವೆ ಏಕೆ ಎಂಬುದು ಆ ವಾದ. ತಿತಿಕ್ಷೆಯು ದೊಡ್ಡ ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ತಾನು ತನಗೆ ವಿಧಿಸಿಕೊಳ್ಳತಕ್ಕ ವ್ರತವೇ ಹೊರತು ಒಬ್ಬನು ಇನ್ನೊಬ್ಬನಿಗೆ ವಿಧಿಸತಕ್ಕ ದಂಡವಲ್ಲ. ಉಪವಾಸವು ತಪಸ್ಸು; ಇನ್ನೊಬ್ಬನ ಅನ್ನವನ್ನು ತಡೆದು ಅವನಿಗೆ ಉಪವಾಸದ ಮಹಿಮೆಯನ್ನು ಬೋಧಿಸುವುದು ತಪಸ್ಸಲ್ಲ. ಅಲ್ಲದೆ ನಿದ್ರೆಯೆಂಬುದು ಭೋಗವೂ ಅಲ್ಲ. ಆಯುರ್ವೇದವು ಆಹಾರದೊಡನೆ ನಿದ್ರೆಯನ್ನೂ ಶರೀರವನ್ನು ಎತ್ತಿಹಿಡಿಯುವ ಕಂಬಗಳಲ್ಲಿ ಎಣಿಸಿರುವುದು. ನಿದ್ರೆಗೆಟ್ಟವನ ಬುದ್ಧಿ ಮಂಕಾಗುವುದು, ಸಹನೆ ಸವೆಯುವುದು, ಮನೆಯವರ ಮೇಲೆ ಕೋಪವೇರುವುದು. ತಿತಿಕ್ಷೆಯನ್ನು ಅಭ್ಯಾಸಮಾಡಬೇಕಾದ ಮನಸ್ಸನ್ನೇ ಈ ರೋಗವು ತಿನ್ನುತ್ತಿರುವಾಗ ತಿತಿಕ್ಷೆಯು ಯಾವ ನೆಲದಲ್ಲಿ ಬೇರೂರಬೇಕು?

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಮದ್ದಿಲ್ಲದೆ ಇರಲಾರದವನು ಮದ್ದಿಗೆ ಅಡಿಯಾಳು. ಅಡಿಯಾಳಿಗೆ ಸ್ವಾತಂತ್ರ್ಯವೆಲ್ಲಿ ಎಂಬುದು ಅದರ ಸಾರ. ಇಲ್ಲಿ ಎರಡು ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಬೆರೆತಿವೆ. ಅವಲಂಬನೆ ಒಂದು, ವ್ಯಸನ ಇನ್ನೊಂದು. ಕುರುಡನು ಕೋಲನ್ನು ಅವಲಂಬಿಸುವನು, ಮಧುಮೇಹದ ರೋಗಿಯು ಇನ್ಸುಲಿನ್ನನ್ನು ಅವಲಂಬಿಸುವನು. ಇವರನ್ನು ಯಾರೂ ವ್ಯಸನಿಗಳೆನ್ನರು. ಧರ್ಮಶಾಸ್ತ್ರಕಾರರು ಪಾನ, ದ್ಯೂತ, ಮೃಗಯಾ ಮುಂತಾದವುಗಳನ್ನು ವ್ಯಸನಗಳೆಂದು ಹೆಸರಿಸಿದುದು ಮನುಷ್ಯನು ಅವುಗಳಲ್ಲಿ ಸುಖ ಕಾಣುವನೆಂಬ ಮಾತ್ರಕ್ಕಲ್ಲ. ಅವು ಅವನನ್ನು ಅವನ ಕರ್ತವ್ಯದಿಂದ ದೂರಕ್ಕೆ ಎಳೆದೊಯ್ಯುವುವು. ಇದೇ ಅವುಗಳ ದೋಷ. ಆದುದರಿಂದ ಕೇಳಬೇಕಾದ ಪ್ರಶ್ನೆಯು ‘ಇವನು ಏನನ್ನು ಸೇವಿಸುತ್ತಾನೆ?’ ಎಂಬುದಲ್ಲ, ‘ಅದು ಇವನನ್ನು ಎತ್ತ ಒಯ್ಯುತ್ತಿದೆ?’ ಎಂಬುದು.

ಈ ರೋಗದ ಚಿಕಿತ್ಸೆಯ ಇತಿಹಾಸದಲ್ಲಿಯೇ ಇದಕ್ಕೆ ತಕ್ಕ ದೃಷ್ಟಾಂತವಿದೆ. ಅಮೆರಿಕದಲ್ಲಿ 2005ರಲ್ಲಿ ರೋಪಿನಿರೋಲ್ ಎಂಬ ಮದ್ದಿಗೂ 2006ರಲ್ಲಿ ಪ್ರಾಮಿಪೆಕ್ಸೋಲ್ ಎಂಬುದಕ್ಕೂ ಈ ರೋಗಕ್ಕಾಗಿ ಸರ್ಕಾರದ ಒಪ್ಪಿಗೆ ದೊರೆಯಿತು. ಇವು ಮಿದುಳಿನಲ್ಲಿ ಡೋಪಮೈನಿನಂತೆ ಕೆಲಸ ಮಾಡುವುವು. ಅಫೀಮಿನ ಸಂಬಂಧವಿಲ್ಲದ ಮದ್ದುಗಳಾದುದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಆದರೆ ವರ್ಷಗಳು ಕಳೆದಂತೆ ಅನೇಕರಲ್ಲಿ ಮದ್ದೇ ರೋಗವನ್ನು ಬೆಳೆಸಿತು: ರಾತ್ರಿಯ ಬಾಧೆಯು ಮಧ್ಯಾಹ್ನಕ್ಕೆ ಬಂದಿತು, ಕಾಲಿನಿಂದ ಕೈಗೂ ಹರಡಿತು. ಇನ್ನು ಕೆಲವರಲ್ಲಿ ಜೂಜಿನ ಹುಚ್ಚು ಹಿಡಿಯಿತು. ಎಂದೂ ಪಂದ್ಯ ಕಟ್ಟದವರು ಮನೆಯ ಗಂಟನ್ನು ಕಳೆದುಕೊಂಡರು. ಮದ್ದನ್ನು ನಿಲ್ಲಿಸಿದ ಮೇಲೆ ಆ ಹುಚ್ಚು ಸಾಮಾನ್ಯವಾಗಿ ಇಳಿಯಿತು. ನಳನೊಳಗೆ ಕಲಿಯು ಹೊಕ್ಕು ದ್ಯೂತವಾಡಿಸಿದ ಕಥೆಯನ್ನು ಓದಿದವರಿಗೆ ಇದು ಆಶ್ಚರ್ಯವೆನಿಸದು. ಮರ್ಯಾದೆಯ ಹೆಸರುಳ್ಳ ಮದ್ದು ಕೆಲವರನ್ನು ವ್ಯಸನಕ್ಕೆ ನೂಕಿತು. ಹೆಸರು ಕೆಟ್ಟ ಮದ್ದು ಕೆಲವರನ್ನು ಮನೆಗೆಲಸಕ್ಕೆ ಮರಳಿಸಿತು. 2025ರ ಆರಂಭದಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ಪ್ರಕಟಿಸಿದ ಮಾರ್ಗಸೂಚಿಯು ಮೊದಲಿನ ಆ ಮದ್ದುಗಳನ್ನು ವಾಡಿಕೆಯಾಗಿ ಕೊಡಬಾರದೆಂದು ಹೇಳಿ, ಅಫೀಮು ಜಾತಿಯ ಮದ್ದುಗಳಿಗೆ ಎಚ್ಚರಿಕೆಯೊಡನೆ ಒಪ್ಪಿಗೆಯಿತ್ತಿದೆ. ಹೆಸರಿನಿಂದ ಗುಣವನ್ನು ನಿರ್ಣಯಿಸುವುದು ಎಷ್ಟು ಅಪಾಯವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇಷ್ಟರಿಂದಲೇ ಎರಡನೆಯ ಆಕ್ಷೇಪವು ಬಿದ್ದುಹೋಯಿತೆಂದು ತಿಳಿಯಲಾಗದು. ಅಫೀಮು ಕೋಲಿನಂಥ ಸಾಧುವಸ್ತುವಲ್ಲ. ಡಿ ಕ್ವಿನ್ಸಿ ಎಂಬ ಇಂಗ್ಲಿಷ್ ಲೇಖಕನು 1804ರಲ್ಲಿ ಅದನ್ನು ಮೊದಲು ಸೇವಿಸಿದುದು ಮುಖದ ನೋವಿನ ಶಮನಕ್ಕಾಗಿ. ಅದು ಅವನನ್ನು ಹೇಗೆ ನುಂಗಿತೆಂಬುದನ್ನು 1821ರಲ್ಲಿ ಅವನೇ ಬರೆದು ಪ್ರಕಟಿಸಿದನು. ಔಷಧವಾಗಿ ಬಂದುದು ಯಜಮಾನನಾಗಿ ಕುಳಿತಿತು. ಕಾಲಿನ ರೋಗಿಗೆ ಇನ್ನೂ ಒಂದು ಸಿಕ್ಕುಂಟು. ಅಫೀಮಿಗೆ ಒಗ್ಗಿದ ದೇಹಕ್ಕೆ ಅದು ತಪ್ಪಿದಾಗ ಕಾಣುವ ಲಕ್ಷಣಗಳಲ್ಲಿ ಕಾಲಿನ ಚಡಪಡಿಕೆಯೂ ಒಂದು. ಒಂದು ರಾತ್ರಿ ಮಾತ್ರೆ ತಪ್ಪಿ ಕಾಲು ಚಡಪಡಿಸಿದರೆ ಅದು ಹಳೆಯ ರೋಗದ ಕೂಗೋ, ಮದ್ದಿನ ಕೂಗೋ ಎಂದು ರೋಗಿಯು ಹೇಗೆ ಬಲ್ಲನು? ಅವನು ಪ್ರಾಮಾಣಿಕನಾಗಿದ್ದರೂ ಅವನ ಸಾಕ್ಷ್ಯವೊಂದೇ ಸಾಲದು. ಮನುಷ್ಯನಿಗೆ ತನ್ನ ಮನಸ್ಸೇ ಪೂರ್ತಿಯಾಗಿ ಕಾಣದಿರುವ ಸ್ಥಳಗಳಲ್ಲಿ ಇದೊಂದು.

ಆದುದರಿಂದ ಇಲ್ಲಿ ನಂಬಬೇಕಾದುದು ಒಂದು ರಾತ್ರಿಯ ಅನುಭವವನ್ನಲ್ಲ, ಹಲವು ವರ್ಷಗಳ ನಡತೆಯನ್ನು. ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಈ ರೋಗಕ್ಕಾಗಿ ಅಫೀಮು ಜಾತಿಯ ಮದ್ದನ್ನು ಸೇವಿಸುವ ಸುಮಾರು 500 ಮಂದಿಯ ಹೆಸರುಗಳನ್ನು ಪಟ್ಟಿಮಾಡಿ, ಆರಾರು ತಿಂಗಳಿಗೊಮ್ಮೆ ಅವರ ಸ್ಥಿತಿಯನ್ನು ವಿಚಾರಿಸುತ್ತ ಬಂದಿರುವರು. ಎರಡು ವರ್ಷಗಳಾದ ಮೇಲೆ ನೋಡಿದಾಗ ಅವರಲ್ಲಿ ಹೆಚ್ಚಿನವರ ಪ್ರಮಾಣವು ಏರಿರಲಿಲ್ಲ. ವ್ಯಸನದ ಮುಖ್ಯ ಲಕ್ಷಣವು ಇನ್ನೂ ಬೇಕು, ಇನ್ನೂ ಬೇಕು ಎಂಬ ಏರಿಕೆಯಾದರೆ, ಅದು ಇವರಲ್ಲಿ ಬಹುಮಂದಿಯಲ್ಲಿ ಕಾಣಲಿಲ್ಲ. ಎಲ್ಲರಲ್ಲಿಯೂ ಕಾಣಲಿಲ್ಲವೆಂದು ಹೇಳುವಂತೆಯೂ ಇಲ್ಲ. ಮಲಬದ್ಧತೆ, ನಿದ್ರೆಯಲ್ಲಿ ಉಸಿರಾಟ ಕುಗ್ಗುವುದು, ಮದ್ಯದೊಡನೆ ಬೆರೆತರೆ ಪ್ರಾಣಾಪಾಯ, ಈ ಭಯಗಳೂ ನಿಜವಾದುವೇ.

ಮೂರನೆಯ ಆಕ್ಷೇಪವು ಲೋಕದ ಪರವಾಗಿ ಬರುವುದು: ಒಬ್ಬನಿಗೆ ನಿದ್ರೆ ಕೊಡುವ ಮದ್ದು ಊರಿಗೆ ಮಾರಿಯಾದರೆ ಏನು ಮಾಡುವುದು? ಅಮೆರಿಕದಲ್ಲಿ ಹಾಗೆಯೇ ಆಯಿತು. 1990ರ ದಶಕದಿಂದ ಈ ಮಾತ್ರೆಗಳನ್ನು ಲಾಭದ ಆಸೆಯಿಂದ ಮಿತಿಯಿಲ್ಲದೆ ಹಂಚಲಾಯಿತು. ಮುಂದೆ ಕಳ್ಳಪೇಟೆಯ ಫೆಂಟನಿಲ್ ಸೇರಿ, 2021 ಮತ್ತು 2022ರಲ್ಲಿ ವರ್ಷವೊಂದಕ್ಕೆ 80,000ಕ್ಕೂ ಹೆಚ್ಚು ಜನರು ಈ ಜಾತಿಯ ಮದ್ದುಗಳ ಅತಿಸೇವನೆಯಿಂದ ಸತ್ತರು. ನಡುವೆ 2016ರಲ್ಲಿ ಅಲ್ಲಿಯ ರೋಗನಿಯಂತ್ರಣ ಕೇಂದ್ರವು ವೈದ್ಯರಿಗೆ ಎಚ್ಚರಿಕೆಯ ಸೂಚನೆಗಳನ್ನು ಕೊಟ್ಟಿತು. ಸೂಚನೆಯನ್ನು ಅನೇಕರು ಆಜ್ಞೆಯೆಂದು ತಿಳಿದರು. ವರ್ಷಗಳಿಂದ ಒಂದೇ ಅಳತೆಯಲ್ಲಿ ನೆಮ್ಮದಿಯಾಗಿದ್ದ ರೋಗಿಗಳ ಮದ್ದು ಕೂಡ ಒಮ್ಮೆಗೇ ನಿಂತಿತು. ಹೀಗೆ ಹಠಾತ್ತಾಗಿ ನಿಲ್ಲಿಸಿದುದರಿಂದ ಕೆಲವರು ಆತ್ಮಹತ್ಯೆಯ ತನಕ ಹೋದರೆಂದು 2019ರಲ್ಲಿ ಅಲ್ಲಿಯ ಔಷಧ ಇಲಾಖೆಯೇ ಎಚ್ಚರಿಸಬೇಕಾಯಿತು. 2022ರಲ್ಲಿ ಮೊದಲಿನ ಸೂಚನೆಗಳನ್ನು ತಿದ್ದಲಾಯಿತು. ಮಿತಿಯಿಲ್ಲದ ಲೋಭದಿಂದ ಒಂದು ಪಾಪವಾದರೆ ವಿವೇಕವಿಲ್ಲದ ಭಯದಿಂದ ಇನ್ನೊಂದಾಯಿತು. ಎರಡರಲ್ಲಿಯೂ ಎದುರಿಗೆ ಕುಳಿತ ಮನುಷ್ಯನನ್ನು ಯಾರೂ ನೋಡಲಿಲ್ಲ.

ಈ ಭಯದ ಫಲವನ್ನು ಭಾರತವೂ ಉಂಡಿದೆ. ನ್ಯಾಯಸಮ್ಮತವಾಗಿ ಅಫೀಮನ್ನು ಬೆಳೆಯುವ ದೇಶಗಳಲ್ಲಿ ಭಾರತವು ಮುಖ್ಯವಾದುದು. ನೀಮಚ್, ಗಾಜೀಪುರಗಳಲ್ಲಿ ಅದರ ಸರ್ಕಾರಿ ಕಾರ್ಖಾನೆಗಳಿವೆ. ಹೀಗಿದ್ದೂ 1985ರ ಮಾದಕದ್ರವ್ಯಗಳ ಕಾಯಿದೆಯ ಬಿಗಿಯಿಂದ ಇಲ್ಲಿಯ ಕ್ಯಾನ್ಸರ್ ರೋಗಿಗಳಲ್ಲಿ ಬಹುಮಂದಿಗೆ ಮಾರ್ಫೀನು ಸಿಕ್ಕದೆ ಹೋಯಿತು. 2014ರ ತಿದ್ದುಪಡಿಯು ಆ ಕಟ್ಟನ್ನು ಸ್ವಲ್ಪ ಸಡಿಲಿಸಿತು. ಕಳ್ಳನಿಗೆ ಹೆದರಿ ಬಾಗಿಲು ಹಾಕಿದಾಗ ಹೊರಗೆ ಉಳಿದವನು ಕಳ್ಳನೊಬ್ಬನೇ ಅಲ್ಲ.

ಹಾಗಾದರೆ ಆ ಗೃಹಸ್ಥನಿಗೆ ಹೇಳಬೇಕಾದುದೇನು? ಮದ್ದನ್ನು ಸೇವಿಸುವುದರಲ್ಲಿ ಪಾಪವಿಲ್ಲ. ಆದರೆ ಅದನ್ನು ಒಬ್ಬನೇ ಕಾಯಬಾರದು. ಪ್ರಮಾಣವು ಏರುತ್ತಿದೆಯೆ? ರಾತ್ರಿಯ ಮಾತ್ರೆಯು ಹಗಲಿನ ಬೇಸರಕ್ಕೂ ಬೇಕೆನಿಸುತ್ತಿದೆಯೆ? ವೈದ್ಯನೊಡನೆ ಲೆಕ್ಕ ತಪ್ಪಿಸಿ ಹೇಳುವಂತಾಗಿದೆಯೆ? ಮನೆಯವರಿಂದ ಮರೆಮಾಡುವಂತಾಗಿದೆಯೆ? ಈ ನಾಲ್ಕಕ್ಕೂ ಇಲ್ಲವೆಂದು ಹೇಳಬಲ್ಲವನು ಮದ್ದಿನ ಯಜಮಾನನು. ಒಂದಕ್ಕಾದರೂ ಹೌದೆಂದು ತೋರಿದರೆ ಅದನ್ನು ಮೊದಲು ಹೇಳಬೇಕಾದುದು ವೈದ್ಯನ ಮುಂದೆ. ಹಾಗೆ ಹೇಳಿದ ರೋಗಿಯನ್ನು ತಳ್ಳದಿರುವುದು ವೈದ್ಯನ ಧರ್ಮ. ಮನುಷ್ಯನು ತನ್ನನ್ನು ತಾನೇ ಪೂರ್ತಿಯಾಗಿ ಕಾಣಲಾರನಾದುದರಿಂದಲೇ ಹೆಂಡತಿಯ ಕಣ್ಣೂ ವೈದ್ಯನ ಕಣ್ಣೂ ಬೇಕಾಗುವುದು. ಲೋಕದ ನಿಂದೆಯು ಮಾಡುವ ದೊಡ್ಡ ಕೇಡೂ ಇದೇ: ರೋಗಿಯು ನಾಚಿ ಮುಚ್ಚಿಡುವನು, ಮುಚ್ಚಿಟ್ಟುದರಿಂದ ಅವನನ್ನು ಕಾಯತಕ್ಕ ಕಣ್ಣುಗಳು ಇಲ್ಲವಾಗುವುವು, ಕಣ್ಣುಗಳಿಲ್ಲದ ಕತ್ತಲೆಯಲ್ಲಿಯೇ ಅವಲಂಬನೆಯು ವ್ಯಸನವಾಗಿ ಬೆಳೆಯುವುದು.

ಸಂಸ್ಕೃತದಲ್ಲಿ ಅಫೀಮಿಗೆ ಅಹಿಫೇನವೆಂದು ಹೆಸರು. ಹಾವಿನ ನೊರೆಯೆಂದು ಅದರ ಅರ್ಥ. ಹೆಸರಿಟ್ಟವರು ಅದರ ವಿಷವನ್ನು ಮರೆಯಲಿಲ್ಲ. ಶಾರ್ಙ್ಗಧರಸಂಹಿತೆಯಂಥ ವೈದ್ಯಗ್ರಂಥಗಳಲ್ಲಿ ಅದಕ್ಕೆ ಸ್ಥಾನವನ್ನು ಕೊಡದೆಯೂ ಇರಲಿಲ್ಲ. ನಳನನ್ನು ಕಚ್ಚಿದ ಕಾರ್ಕೋಟಕನ ವಿಷವು ಅವನ ರೂಪವನ್ನು ಕೆಡಿಸಿತು. ಆದರೆ ಒಳಗೆ ಸುಟ್ಟುದು ನಳನನ್ನಲ್ಲ, ಕಲಿಯನ್ನು. ಕುರೂಪಿಯಾಗಿ ಕಂಡ ಆ ಬಾಹುಕನನ್ನು ನೋಡಿ ಇವನೇ ನಳನೆಂದು ಗುರುತಿಸಿದವಳು ದಮಯಂತಿ. ಅವಳು ಗುರುತಿಸಿದುದು ಅವನ ರೂಪದಿಂದಲ್ಲ, ಅವನ ನಡತೆಯಿಂದ.