ಮಣ್ಣಿನ ದಾರಿ ಯಾರ ಸುಖಕ್ಕೆ?

ಮೈಸೂರಿನ ಸೈಕಲ್ ಪ್ರಿಯರ ನಡುವೆ ಈಚೆಗೆ ಹೊಸ ಬಗೆಯ ಒಂದು ಸೈಕಲ್ ಕಾಣಿಸುತ್ತಿದೆ. ನೋಡಲು ರೇಸ್ ಸೈಕಲ್ಲಿನ ಹಾಗೆಯೇ ಬಾಗಿದ ಹ್ಯಾಂಡಲ್. ಟೈರು ಮಾತ್ರ ದಪ್ಪ, 40 ಮಿಲಿಮೀಟರಿನ ಆಸುಪಾಸು. ಇದನ್ನು ಗ್ರಾವೆಲ್ ಬೈಕ್ ಎನ್ನುತ್ತಾರೆ. ಜಲ್ಲಿ, ಗೊರಚು, ಕೆಮ್ಮಣ್ಣು, ಬಂಡಿಜಾಡು, ಹೀಗೆ ಟಾರು ಮುಗಿದಲ್ಲಿಂದ ಇದರ ಕೆಲಸ ಶುರು. ಭಾನುವಾರ ಬೆಳಗಿನ ಜಾವ ಹೊರಟವರು ವರುಣಾ ನಾಲೆಯ ಏರಿ, ಕನ್ನಂಬಾಡಿ ಹಿನ್ನೀರಿನ ಅಂಚು, ಚಾಮುಂಡಿ ಬೆಟ್ಟದ ತಪ್ಪಲಿನ ಹಳ್ಳಿದಾರಿ ಎಂದು ಸುತ್ತಿ, ಹತ್ತು ಗಂಟೆಯ ಹೊತ್ತಿಗೆ ದೋಸೆ ತಿನ್ನಲು ಊರಿಗೆ ಮರಳುತ್ತಾರೆ. ಉದಯಗಿರಿಯಲ್ಲಿರುವ ನನಗೆ ತಿ. ನರಸೀಪುರ ರಸ್ತೆ ಹತ್ತಿರ. ಹಳೆಯ ಸೈಕಲ್ಲಿನಲ್ಲೇ ಗೆಳೆಯರ ಹಿಂದೆ ನಾನೂ ಆಗಾಗ ಹೋಗುತ್ತೇನೆ. ಚಕ್ರದಡಿ ಸಣ್ಣ ಕಲ್ಲುಗಳು ಕರಕರ ಎನ್ನುವ ಸದ್ದು, ನೀರಿನ ಮೇಲಿಂದ ಬರುವ ತಣ್ಣನೆಯ ಗಾಳಿ, ದೂರದಲ್ಲಿ ಕೊಕ್ಕರೆಗಳ ಸಾಲು. ಈ ಸುಖ ಸುಳ್ಳಲ್ಲ.

ನನ್ನ ಪ್ರಶ್ನೆ ಈ ಸುಖದ ಬಗ್ಗೆಯೇ. ನಾವು ಹುಡುಕಿಕೊಂಡು ಹೋಗುವ ಆ ಒರಟು ದಾರಿ, ಅಲ್ಲಿಯೇ ಬದುಕುವವರು ಬೇಡವೆಂದು ಅರ್ಜಿ ಬರೆಯುತ್ತಿರುವ ದಾರಿ. ಒಬ್ಬರ ಕೊರತೆಯಲ್ಲಿ ಇನ್ನೊಬ್ಬರು ಸುಖ ಕಾಣುವುದು ಸರಿಯೇ?

ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಇದನ್ನು ನನಗಿಂತ ಚೆನ್ನಾಗಿ ಕೇಳಿದ್ದರು. ಗೆಳೆಯನೊಬ್ಬನ ಗ್ರಾವೆಲ್ ಬೈಕಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಬೆಲೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದುಡ್ಡು ಕೊಟ್ಟು ಗುಂಡಿ ಹುಡುಕ್ಕೊಂಡು ಹೋಗ್ತೀರಾ ಸಾರ್? ನಮ್ಮ ಬೀದೀಲೇ ಬೇಕಾದಷ್ಟು ಇವೆಯಲ್ಲ!" ಎಂದರು. "ಅದು ಬೇರೆ ಭಾಯ್, ಅಲ್ಲಿ ಕಾಡು, ಕೆರೆ ಎಲ್ಲಾ ಇರುತ್ತೆ" ಅಂದೆ. "ಸರಿ, ಅಲ್ಲೇ ಮನೆ ಮಾಡಿ ನೋಡಿ" ಎಂದು ನಕ್ಕು ಕೆಲಸಕ್ಕೆ ಕೂತರು. ಅವರ ಅಂಗಡಿಗೆ ಬರುವ ಸೈಕಲ್ಲುಗಳು ಪೇಂಟ್ ಡಬ್ಬ ಹೊತ್ತವು, ಗಾರೆ ಕೆಲಸದವರವು, ಹಾಲು ಹಾಕುವವರವು. ಅವುಗಳ ಸವಾರರಿಗೆ ಗುಂಡಿ ಎಂದರೆ ಬೆನ್ನುನೋವು, ಬಾಗಿದ ರಿಮ್ಮು, ಅರ್ಧ ದಿನದ ಕೂಲಿ.

1757ರಲ್ಲಿ ಎಡ್ಮಂಡ್ ಬರ್ಕ್ ಭವ್ಯತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಒಂದು ವಿಚಾರವಿದೆ. ಅಪಾಯವೂ ನೋವೂ ತೀರಾ ಮೈಮೇಲೆ ಬಂದರೆ ಬರೀ ಭಯ ಹುಟ್ಟುತ್ತದೆ. ತುಸು ದೂರದಲ್ಲಿದ್ದರೆ ಅವೇ ಆನಂದ ಕೊಡಬಲ್ಲವು. ಭಾನುವಾರದ ಸವಾರನಿಗೆ ಆ ದೂರವನ್ನು ಕೊಡುವುದು ಮರಳಿ ಬರುವ ಟಾರು ರಸ್ತೆ. ಸುಸ್ತಾದರೆ ಫೋನ್ ಮಾಡಬಹುದು, ಮಳೆ ಬಂದರೆ ಹೋಗದೇ ಇರಬಹುದು. ಆ ಅನುಕೂಲವನ್ನು ತೆಗೆದುಬಿಟ್ಟರೆ ಅದೇ ದಾರಿ ಬೇರೆಯದೇ ವಸ್ತುವಾಗುತ್ತದೆ.

ಹೇಗಾಗುತ್ತದೆ ಎಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ ಮುಂತಾದ ಕಾಡಿನ ಊರುಗಳಿವೆ. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಸವಾರನ ಕಣ್ಣಿಗೆ ಅಲ್ಲಿನ ದಾರಿಗಳು ಸ್ವರ್ಗ: ಏರು, ಇಳಿಜಾರು, ಬಿದಿರು, ಕಲ್ಲು. ಆದರೆ ಆ ದಾರಿಗಳಲ್ಲಿ ಮಕ್ಕಳು ಶಾಲೆಗೆ ಕಿಲೋಮೀಟರುಗಟ್ಟಲೆ ನಡೆದಿದ್ದಾರೆ, ಕಾಯಿಲೆ ಬಿದ್ದವರನ್ನು ಡೋಲಿ ಕಟ್ಟಿ ಹೊತ್ತು ತಂದಿದ್ದಾರೆ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ರಸ್ತೆಯಂಥ ಮೂಲ ಸೌಕರ್ಯವಿಲ್ಲವೆಂಬ ಸಿಟ್ಟು ಇಂಡಿಗನತ್ತದಲ್ಲಿ ಸ್ಫೋಟಿಸಿ ಮತಗಟ್ಟೆಯೇ ಧ್ವಂಸವಾಯಿತು. ಮೂರು ದಿನ ಬಿಟ್ಟು ಮರುಮತದಾನ ನಡೆಸಬೇಕಾಯಿತು. ಮತಗಟ್ಟೆ ಒಡೆದದ್ದನ್ನು ಸಮರ್ಥಿಸಬೇಕಿಲ್ಲ. ಮಣ್ಣಿನ ದಾರಿ ಒಂದು ಊರಿನ ತಾಳ್ಮೆಯನ್ನು ಎಲ್ಲಿಯವರೆಗೆ ಸವೆಸಬಲ್ಲದು ಎಂಬುದಂತೂ ಅದರಿಂದ ತಿಳಿಯುತ್ತದೆ.

ಹಾಗಾದರೆ ಕಷ್ಟವನ್ನು ಬೇಕೆಂದು ಆರಿಸಿಕೊಳ್ಳುವುದೇ ತಪ್ಪೇ? ಹಾಗೆನ್ನಲು ನಮ್ಮ ಸೀಮೆಯಲ್ಲಿ ಸಾಧ್ಯವಿಲ್ಲ. ಅದೇ ಮಾದಪ್ಪನ ಬೆಟ್ಟಕ್ಕೆ ಬಸ್ಸಿದ್ದರೂ ಕಾಡುದಾರಿಯಲ್ಲಿ ಬರಿಗಾಲಲ್ಲಿ ನಡೆದು ಹೋಗುವವರು ಸಾವಿರಾರು ಮಂದಿ. ಚಾಮುಂಡಿ ಬೆಟ್ಟಕ್ಕೆ ಒಳ್ಳೆಯ ರಸ್ತೆಯಿದ್ದರೂ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ, ಬಗ್ಗಿ ಎದ್ದು ಹತ್ತುವ ಹೆಂಗಸರನ್ನು ಆಷಾಢದ ಶುಕ್ರವಾರಗಳಲ್ಲಿ ನೋಡಬಹುದು. ತಾನಾಗಿ ಹೊತ್ತ ಕಷ್ಟಕ್ಕೆ ನಮ್ಮಲ್ಲಿ ಹರಕೆ ಎಂಬ ಹೆಸರೇ ಇದೆ. ಮಾದಪ್ಪನಿಗೆ ನಡೆದು ಹೋಗುವವರನ್ನು ಕಂಡು ದಾರಿಯ ಊರಿನವರು ಅವಮಾನಗೊಳ್ಳುವುದಿಲ್ಲ. ನೀರು ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಹರಕೆ ಹೊತ್ತವರು ಆ ಜಾಗಕ್ಕೆ ಸಾಲಗಾರರಾಗಿ ಬರುತ್ತಾರೆ. ಬೆಟ್ಟ ಮಾದಪ್ಪನದು, ದಾರಿ ಊರಿನದು, ತಾವು ಹಾದುಹೋಗುವವರು ಎಂಬುದು ಅವರಿಗೆ ಗೊತ್ತು.

ಗ್ರಾವೆಲ್ ಸವಾರಿಯ ತವರಿನಲ್ಲೂ ಈ ಒಡೆತನದ ಪ್ರಶ್ನೆ ಎದ್ದಿತ್ತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ ಸ್ಪರ್ಧೆ ಈ ಆಟವನ್ನು ಪ್ರಸಿದ್ಧಗೊಳಿಸಿತು. ಅದು ಸಾಗುವುದು ರೈತರು, ದನಗಾಹಿಗಳು ದಿನವೂ ಬಳಸುವ ಜಲ್ಲಿ ರಸ್ತೆಗಳಲ್ಲಿ. ಅದರ ಮೊದಲ ಹೆಸರಿನಲ್ಲಿ ಅಲ್ಲಿನ ಮೂಲನಿವಾಸಿ ಜನರ ಹೆಸರಿನ ಪಕ್ಕಕ್ಕೆ ಕೊಳಕು ಎಂಬರ್ಥದ ಪದ ಕೂತಿತ್ತು. ಆಕ್ಷೇಪಗಳು ಬಂದ ಮೇಲೆ 2020ರಲ್ಲಿ ಹೆಸರು ಬದಲಾಯಿತು. ದಾರಿ ಖಾಲಿ ಎಂದು ನಾವು ಭಾವಿಸಿದ ಕಡೆಯೆಲ್ಲ ಯಾರೋ ಇದ್ದರು, ಇದ್ದಾರೆ. ಕನ್ನಂಬಾಡಿಯ ಹಿನ್ನೀರಿನ ಅಂಚಿನಲ್ಲಿ ಪೆಡಲ್ ತುಳಿಯುವಾಗ ಇದು ಇನ್ನೂ ನಿಜ. ಅಣೆಕಟ್ಟಿನಿಂದಾಗಿ ಹಳೆಯ ಕನ್ನಂಬಾಡಿ ಆ ನೀರಿನಡಿ ಹೋಯಿತು. ಈಗಿರುವುದು ಹೊಸ ಕನ್ನಂಬಾಡಿ. ನಮ್ಮ ಕೆರೆಯಂಚಿನ ದಾರಿ ಯಾರದೋ ಹೊಲದ ಮೇಲಿರಬಹುದು.

ಆದ್ದರಿಂದ ಸುಖಪಡುವುದರಲ್ಲಿ ತಪ್ಪಿಲ್ಲ ಎಂದೇ ನನ್ನ ನಿಲುವು. ತೊಡಕು ಹುಟ್ಟುವುದು ಸುಖ ಹಕ್ಕಾಗಿ ಬದಲಾಗುವಾಗ. "ಈ ದಾರಿಗೆ ಟಾರು ಹಾಕಿ ಹಾಳು ಮಾಡಿಬಿಟ್ಟರು" ಎಂಬ ಮಾತು ಸವಾರರ ನಡುವೆ ಸಾಮಾನ್ಯ. ಬರೀ ನಿಟ್ಟುಸಿರಾದರೆ ಅದನ್ನು ಕ್ಷಮಿಸಬಹುದು. ಆದರೆ ಅದರೊಳಗೆ ಒಂದು ಬೇಡಿಕೆ ಅಡಗಿದೆ: ನನ್ನ ಭಾನುವಾರಕ್ಕಾಗಿ ನಿಮ್ಮ ಸೋಮವಾರದಿಂದ ಶನಿವಾರದವರೆಗಿನ ದಿನಗಳು ಹೀಗೇ ಇರಲಿ ಎಂದು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಅದರ ಹಿಂದಿದ್ದ ಕಾಳಜಿ, ದೂರದ ಕಾರಣಕ್ಕೆ ಮಕ್ಕಳು ಶಾಲೆ ಬಿಡಬಾರದು ಎಂಬುದು. ಹಿಂದೆ ಚೀಲ ಕಟ್ಟಿಕೊಂಡು ಕಲ್ಲುದಾರಿಯಲ್ಲಿ ಆ ಸೈಕಲ್ ತುಳಿದ ಹುಡುಗಿಯ ಎದುರು ನಿಂತು ಟಾರು ಬೇಡ ಎನ್ನಲು ನಮಗೆ ಬಾಯಿ ಬರುತ್ತದೆಯೇ?

ಇದಕ್ಕೆ ಗಟ್ಟಿಯಾದ ಒಂದು ಎದುರುವಾದವಿದೆ. ಎಲ್ಲ ದಾರಿಗೂ ಟಾರು ಬೀಳಬಾರದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಆ ತಡೆ ಇಲ್ಲದಿದ್ದರೆ ಚಕ್ರದಡಿ ಸಾಯುವ ಪ್ರಾಣಿಗಳು ಹೆಚ್ಚುತ್ತವೆ. ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಯ ರಸ್ತೆ 2021ರ ಮಳೆಗೆ ಕುಸಿದದ್ದನ್ನು ಮೈಸೂರಿನವರೆಲ್ಲ ನೋಡಿದ್ದೇವೆ. ಬೆಟ್ಟ ಎಷ್ಟು ಕಾಮಗಾರಿ ತಾಳಬಲ್ಲದು ಎಂಬ ಪ್ರಶ್ನೆಗೆ ಅರ್ಥವಿದೆ. ಕಾಡಿನ ಪರವಾಗಿ ಮಾತಾಡುವುದು ಆಟವಲ್ಲ.

ಆದರೆ ಕಾಡಿನ ಪರವಾಗಿ ಮಾತಾಡುತ್ತಿರುವವರು ನಾವೋ, ನಮ್ಮ ಆಟವೋ? ಇದನ್ನು ತಿಳಿಯಲು ನನಗೆ ತೋಚಿದ ಒಂದು ಪರೀಕ್ಷೆಯಿದೆ. ನಾಳೆಯಿಂದ ನನಗೆ ಮಣ್ಣಿನ ದಾರಿಯ ರುಚಿಯೇ ಹೊರಟುಹೋಯಿತು ಎಂದುಕೊಳ್ಳೋಣ. ಆಗಲೂ "ಇಲ್ಲಿ ರಸ್ತೆ ಬೇಡ" ಎಂಬ ನನ್ನ ವಾದ ನಿಲ್ಲುತ್ತದೆಯೇ? ಆನೆಗಾಗಿ, ಕುಸಿಯುವ ಬೆಟ್ಟಕ್ಕಾಗಿ ಹೇಳಿದ್ದಾದರೆ ನಿಲ್ಲುತ್ತದೆ. ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ರಸ್ತೆಯಿಲ್ಲದ ಬೆಲೆಯನ್ನು ತೆರುವವರು ಯಾರು? ಆನೆಗಾಗಿ ದಾರಿಯನ್ನು ಹಾಗೇ ಉಳಿಸುವುದಾದರೆ ಅದರ ಲಾಭ ನಮ್ಮೆಲ್ಲರದು. ಹಾಗಿರುವಾಗ ಡೋಲಿಯ ಭಾರವನ್ನು ಒಂದೇ ಊರಿನ ಹೆಗಲಿಗೆ ಬಿಡುವುದು ನ್ಯಾಯವಲ್ಲ. ಮಾದಪ್ಪನ ಬೆಟ್ಟದ ಕಾಡಿನಲ್ಲಿ ಶಾಲೆಯ ಮಕ್ಕಳಿಗಾಗಿ ಅರಣ್ಯ ಇಲಾಖೆ ಜೀಪು ಓಡಿಸಲು ತೊಡಗಿದ್ದು ಸಣ್ಣದಾದರೂ ಸರಿಯಾದ ದಿಕ್ಕಿನ ಹೆಜ್ಜೆ. ಆಂಬುಲೆನ್ಸ್, ವಾರಕ್ಕೊಮ್ಮೆ ಬರುವ ಡಾಕ್ಟರು, ಊರಿನ ಪಕ್ಕದಲ್ಲೇ ಶಾಲೆ, ಇವನ್ನು ಕೇಳುವ ಅರ್ಜಿಗೆ ಸಹಿ ಹಾಕದೆ ಬರೀ ರಸ್ತೆ ತಡೆಯುವ ಅರ್ಜಿಗೆ ಸಹಿ ಹಾಕುವವರ ಕಾಡಿನ ಪ್ರೀತಿಯನ್ನು ನಾನು ಅನುಮಾನಿಸುತ್ತೇನೆ.

ಇದು ಸವಾರಿಯ ಸುಖವನ್ನು ಕಿತ್ತುಕೊಳ್ಳುವ ಮಾತಲ್ಲ. ನಾಲೆಯ ಏರಿಯ ಮೇಲೆ ಎದುರಿಗೆ ಎತ್ತಿನ ಗಾಡಿ ಬಂದರೆ ಇಳಿದು ದಾರಿ ಬಿಡುವುದು, ಬಟ್ಟೆ ಒಗೆಯುವವರ ಮೇಲೆ ಧೂಳೆಬ್ಬಿಸದೆ ನಿಧಾನವಾಗಿ ಸಾಗುವುದು, ಅನುಮತಿಯಿಲ್ಲದ ಕಾಡಿಗೆ ನುಗ್ಗದಿರುವುದು, ಟೀಯನ್ನು ಹಳ್ಳಿಯ ಅಂಗಡಿಯಲ್ಲೇ ಕುಡಿಯುವುದು ಇವೆಲ್ಲ ಚಿಕ್ಕ ಸಂಗತಿಗಳು, ಯಾರೂ ಮಾಡಬಹುದಾದವು. ಕಷ್ಟದ್ದು ಕೊನೆಯದು. ನಮಗೆ ಪ್ರಿಯವಾದ ದಾರಿಯೊಂದಕ್ಕೆ ಊರಿನವರು ಕೇಳಿದ ಟಾರು ಬಿದ್ದ ದಿನ, ಮನಸ್ಸು ಒಳಗೊಳಗೇ ಚುರುಕ್ ಎಂದರೂ, ಅವರ ಜೊತೆ ನಿಂತು ಸಂತೋಷಪಡಲು ಕಲಿಯಬೇಕು.