ಗಾಲಿಯೊಳಗಿನ ದನಿ

12ನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನು ಬಡಗಿ. ಕೈಯಲ್ಲಿ ಹಿಡಿದ ಬಾಚಿಯೇ ಆತನ ಹೆಸರಾಯಿತು. ಕಾಯಕವು ಪೂಜೆಯಾದರೆ ಅದರ ಸಾಧನದ ಆರೈಕೆಯೂ ಪೂಜೆಯ ಅಂಗವೇ ಅಹುದು.

ಹಿಂದೆ ಹದಡಿಯ ರೈತನು ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದನು. ಇಂದು ಅದೇ ಹಾದಿಯಲ್ಲಿ ದಾವಣಗೆರೆಗೆ ಕಾರುಗಳು ಓಡುತ್ತವೆ. ಗಾಲಿಯ ನಡುವೆ, ಕಣ್ಣಿಗೆ ಕಾಣದಂತೆ, ಉಕ್ಕಿನ ಗುಂಡುಗಳ ಬೇರಿಂಗು ಕುಳಿತು ಭಾರವನ್ನೆಲ್ಲ ಹೊರುತ್ತದೆ. ಗ್ರೀಸು ಕೆಟ್ಟರೆ, ಭದ್ರಾ ಕಾಲುವೆಯ ಬಯಲಿನ ಕೆಸರುನೀರು ಒಳಹೊಕ್ಕರೆ, ಅದು ಸವೆಯತೊಡಗುತ್ತದೆ.

ಸವೆತವು ಮೊದಲು ದನಿಯಾಗಿ ತೋರುತ್ತದೆ. ವೇಗ ಏರಿದಂತೆ ಆ ಗೊರಗೊರ ಸದ್ದೂ ಏರುವುದು. ಅದೇ ವೇಗದಲ್ಲಿ ಗೇರು ಬದಲಿಸಿದರೂ ಅದು ಮಾರ್ಪಡದು. ಆದರೆ ನಿತ್ಯ ಕೇಳಿದ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಅಪರೂಪಕ್ಕೆ ಹತ್ತಿದ ನೆಂಟನು ‘ಇದೇನು ಶಬ್ದ?’ ಎಂದರೆ ಒಡೆಯನು ರಸ್ತೆಯನ್ನು ದೂರುತ್ತಾನೆ, ಇಲ್ಲವೆ ಟೈರನ್ನು. ಟೈರಿನ ಸದ್ದು ನೆಲ ಬದಲಾದಂತೆ ಬದಲಾಗುತ್ತದೆ. ಬೇರಿಂಗಿನ ಸದ್ದು ನುಣುಪಾದ ಹೆದ್ದಾರಿಯಲ್ಲಿಯೂ ಬೆನ್ನು ಬಿಡದು.

ವಿವೇಕಿಯು ದೂರುವುದಿಲ್ಲ, ಪರೀಕ್ಷಿಸುತ್ತಾನೆ. ಕಾರು ಬಲಕ್ಕೆ ಬಾಗಿದಾಗ ಭಾರವು ಎಡಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ದೋಷವು ಬಹುಮಟ್ಟಿಗೆ ಎಡದ್ದು. ಎಡಕ್ಕೆ ಬಾಗಿದಾಗ ಹೆಚ್ಚಿದರೆ ಬಲದ್ದು. ಬಳಿಕ ಸಮನೆಲದಲ್ಲಿ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಕಾರನ್ನು ಜಾಕಿನಿಂದೆತ್ತಿ, ಕೆಳಗೆ ಗಟ್ಟಿ ಆಸರೆಯಿಟ್ಟು, ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸತಕ್ಕದ್ದು. ಅಲುಗಿದರೆ ಮತ್ತೊಬ್ಬರಿಂದ ಬ್ರೇಕು ಒತ್ತಿಸಬೇಕು. ಅಲುಗಾಟ ನಿಂತರೆ ಸವೆದದ್ದು ಬೇರಿಂಗು. ನಿಲ್ಲದಿದ್ದರೆ ಬೇರೆ ಕೀಲು. ಅಲುಗದಿದ್ದರೂ, ಕೈಯಿಂದ ತಿರುಗಿಸುವಾಗ ಒರಟು ನಡುಕ ತಾಗಿದರೆ ಮೇಸ್ತ್ರಿಯ ಬಳಿಗೆ ಹೋಗಲು ತಡಮಾಡಬಾರದು. ಕಡೆಗಣಿಸಿದ ಬೇರಿಂಗು ಕಾದು ಬಿಗಿದುಕೊಳ್ಳಬಹುದು. ಓಡುವಾಗಲೇ ಗಾಲಿ ಕಳಚಲೂಬಹುದು. ಆ ಕಾರಿನಲ್ಲಿ ಮಡದಿಮಕ್ಕಳು ಕುಳಿತಿರುತ್ತಾರೆ. ಎದುರಿನಿಂದ ಅನ್ಯರ ಮಕ್ಕಳು ಬರುತ್ತಿರುತ್ತಾರೆ.

ಮನದ ರೀತಿಯೂ ಇದೇ. ನೇರವಾದ ಹಾದಿಯಲ್ಲಿ ಅದರ ದೋಷವು ಅಷ್ಟಾಗಿ ಕೇಳಿಸದು. ಬದುಕು ತಿರುವಿಗೆ ಬಂದು ಭಾರ ಬಿದ್ದಾಗ ಕ್ರೋಧವಾಗಿ, ಗೊಣಗಾಗಿ ಹೊರಬೀಳುತ್ತದೆ. ಆಗ ಮನುಷ್ಯನು ಮನೆಯವರನ್ನು ದೂರುತ್ತಾನೆ, ನೆರೆಯವರನ್ನು ದೂರುತ್ತಾನೆ. ತನ್ನ ಒಳಗನ್ನು ಮಾತ್ರ ಅಲುಗಿಸಿ ನೋಡನು. ತನ್ನ ಸದ್ದಿಗೆ ತನ್ನ ಕಿವಿಯೇ ಒಗ್ಗಿರುವುದರಿಂದ, ‘ಇದೇನು ಶಬ್ದ?’ ಎಂದು ಕೇಳುವ ನೆಂಟನನ್ನು ಹಗೆಯೆಂದು ಬಗೆಯದೆ ಉಪಕಾರಿಯೆಂದೇ ತಿಳಿಯಬೇಕು. ದನಿ ಸಣ್ಣದಿರುವಾಗಲೇ ಕಿವಿಗೊಡುವುದು ಅಂತರಂಗಶುದ್ಧಿಯ ಮೊದಲ ಮೆಟ್ಟಿಲು.